ಬಿನ್ ಖಾಲಿ ಅಂತ ಹೇಳಿದವರು ಯಾರು?

ತೂಕದ ಹುಡುಗ ಎದುರು ಬಂದರೆ ಈಗಲೂ ನನಗೆ ಮುಜುಗರ.

ದಾವಣಗೆರೆಯ ಮೆಕ್ಕೆಜೋಳದ ಘಟಕವೊಂದರಲ್ಲಿ ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್), ಸ್ಕಾಡಾ (ಅದನ್ನೆಲ್ಲ ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್) ನೋಡಿಕೊಳ್ಳುವುದು ನನ್ನ ಕೆಲಸ. ಬಿನ್, ಅಂದರೆ ಜೋಳ ತುಂಬಿಡುವ ತೊಟ್ಟಿ, ಖಾಲಿಯಾಗಿ ನಮಗೆ ಜೋಳ ಬೇಕಾಗುವ ಹೊತ್ತಿಗೆ ಸರಿಯಾಗಿ ದಲ್ಲಾಳಿಗಳು ರೇಟು ಏರಿಸುತ್ತಿದ್ದರು. ಒಂದಲ್ಲ, 3 ಸಲ. ಸಾಹುಕಾರರು ಎಲ್ಲರನ್ನೂ ಕರೆದು, "ಒಳಗಿನವರೇ ಯಾರೋ ಹೇಳ್ತಿದೀರಿ" ಅಂದರು. ನಾನು ಪಾಸ್‌ವರ್ಡ್ ಬದಲಿಸಿದೆ, ರಿಮೋಟ್ ಲಾಗಿನ್ ಮುಚ್ಚಿದೆ. ಆಮೇಲೆ ಲಾಗ್ ತೆಗೆದು, ಬಿನ್ ಲೆವೆಲ್ ಸ್ಕ್ರೀನನ್ನು ಯಾರು ಜಾಸ್ತಿ ನೋಡಿದ್ದಾರೆ ಅಂತ ಹುಡುಕಿದೆ. ತೂಕದ ಹುಡುಗ. ಅವನ ಮುಖವನ್ನೇ ದಿಟ್ಟಿಸಿದೆ.

ಅವನು ತಾನೇ ಫೋನ್ ತೆಗೆದು ಮೇಜಿನ ಮೇಲಿಟ್ಟ. "ನೋಡ್ಕೊಳ್ರಿ ಸಾರ್."

ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಬೇಡ ಅನ್ನಬಹುದಿತ್ತು. ನಾನು ಕೈಗೆತ್ತಿಕೊಂಡು ನೋಡಿದೆ. ಏನೂ ಇರಲಿಲ್ಲ.

ವಾರದ ನಂತರ ಗೇಟಿನೆದುರು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಾಗ ಒಬ್ಬ ದಲ್ಲಾಳಿ ನಗುತ್ತಾ ಕೇಳಿದ: "ಹಳದಿ ಲೈಟ್ ಹತ್ತಿ, ಹೂಟರ್ ಎರಡು ಸಲ ಕೂಗಿ, ಎಲಿವೇಟರ್ ನಿಂತ್ರೆ ಬಿನ್ ಖಾಲಿ ಅಲ್ವಾ?" ಕಾಳು ಮೇಲಕ್ಕೆ ಸಾಗಿಸುವ ಎಲಿವೇಟರ್ ನಿಲ್ಲಿಸಿ, ಲೈಟ್ ಹಚ್ಚಿ, ಹೂಟರ್ ಕೂಗಿಸುವ ಆ ಲಾಜಿಕ್ ಬರೆದವನು ನಾನೇ.

ಡಿಸ್ಕ್ರೀಟ್ ಇವೆಂಟ್ ಸಿಸ್ಟಮ್, ಅಂದರೆ ಒಂದೊಂದು ಘಟನೆಗೆ ಸ್ಥಿತಿ ಬದಲಿಸುವ ವ್ಯವಸ್ಥೆಗಳ ಬಗ್ಗೆ ಓದಿದವರು ಇದನ್ನು ಒಪಾಸಿಟಿ (ಒಳಗಿನ ಗುಟ್ಟು ಹೊರಗಿನವನಿಗೆ ಗೊತ್ತಾಗದಿರುವುದು) ಲೆಕ್ಕದಲ್ಲಿ ನೋಡುತ್ತಾರೆ. ಯಂತ್ರ ಹೇಗೆ ನಡೆಯುತ್ತದೆ ಅನ್ನುವುದು ಹೊರಗಿನವನಿಗೆ ಪೂರ್ತಿ ಗೊತ್ತು ಅಂತಲೇ ಇಟ್ಟುಕೊಳ್ಳಬೇಕು. ಅವನಿಗೆ ಕಾಣುವ, ಕೇಳುವ ಘಟನೆಗಳು ಕೆಲವೇ. ಗುಟ್ಟಿನ ಸ್ಥಿತಿಗೆ ಹೋಗುವ ಪ್ರತಿ ದಾರಿಗೂ, ಹೊರಗಿಂದ ಥೇಟ್ ಹಾಗೇ ಕಾಣುವ, ಗುಟ್ಟಿಲ್ಲದ ಇನ್ನೊಂದು ದಾರಿ ಇರಬೇಕು. ಆಟೋಮೇಟಾ (ಸ್ಥಿತಿ, ಘಟನೆಗಳ ಗಣಿತದ ಮಾದರಿ) ಹಿಡಿದು ಸಂಶೋಧಕರಾದ ಸಬೂರಿ, ಹಾಜಿಕೋಸ್ಟಿಸ್ 2007ರಲ್ಲೇ ಇದನ್ನು ಬರೆದಿದ್ದರು. ನನಗೆ ತಲೆಗೆ ಹೋಗಿದ್ದು ಮಿರ್ಚಿ ಕಚ್ಚಿದಾಗ.

ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. ಬಿನ್ ಖಾಲಿಯಾದಾಗ ಹೂಟರ್, ಲೈಟ್ ಎರಡೂ ಬರದಂತೆ ಮಾಡಿದೆ. ಉಳಿದ ಎಲ್ಲ ಸ್ಟಾಪಿಗೂ ಹೂಟರ್ ಇತ್ತಲ್ಲ? ಈಗ ಸುಮ್ನೆ ನಿಂತರೆ ಬಿನ್ ಖಾಲಿ ಅಂತಲೇ ಲೆಕ್ಕ. ದಲ್ಲಾಳಿಗೆ ಎರಡೇ ದಿನ ಸಾಕಾಯಿತು.

ಕೊನೆಗೆ ಕ್ಲೀನಿಂಗ್, ಚೋಕ್ (ಕಾಳು ಕಟ್ಟಿಕೊಳ್ಳುವುದು), ಬಿನ್ ಖಾಲಿ ಮೂರಕ್ಕೂ ಒಂದೇ ಲೈಟ್, ಅದೇ ಎರಡು ಕೂಗು ಇಟ್ಟೆ. ಯಾಕೆ ನಿಂತಿತು ಅನ್ನುವುದು ಒಳಗಿನ ಎಚ್‌ಎಂಐ ಪರದೆಯಲ್ಲಿ ಮಾತ್ರ. ಯಂತ್ರ ಶುರುವಾಗುವ ಮುನ್ನ ಕೂಗುವ ಸ್ಟಾರ್ಟ್ ಹೂಟರ್ ಮುಟ್ಟಲಿಲ್ಲ, ಅದು ಜನರ ಕೈಕಾಲಿನ ವಿಷಯ. ಎಷ್ಟು ಹೊತ್ತು ನಿಂತಿರುತ್ತದೆ ಅನ್ನುವುದೂ ಒಂದೇ ಇರಲಿ ಅಂತ, ಬಿನ್ ಖಾಲಿ ಇದ್ದರೂ 20 ನಿಮಿಷದ ನಂತರ ಎಲಿವೇಟರ್ ಮತ್ತೆ ಶುರುವಾಗಿ ಬರಿದೇ ತಿರುಗುತ್ತದೆ. ಕರೆಂಟ್ ಬಿಲ್ ನೋಡಿ ಸಾಹುಕಾರರು ಗೊಣಗುತ್ತಾರೆ. ಆ ಲೈಟ್ ಇರುವ ಟವರ್ ಲ್ಯಾಂಪ್ ರಸ್ತೆಗೆ ಕಾಣಲಿ ಅಂತ ಹಟ ಹಿಡಿದು ಹಾಕಿಸಿದ್ದು ಅವರೇ.

ಮೊನ್ನೆ ತೂಕದ ಹುಡುಗನಿಗೆ ಮಿರ್ಚಿ ಕೊಡಿಸಿದೆ. ತಿಂದು ಕೈ ಒರೆಸಿಕೊಂಡು, "ಫೋನ್ ತೋರಿಸ್ಲಾ ಸಾರ್?" ಅಂದ.