ಪೊಲೀಸರು ಕೈ ಅಡ್ಡ ಹಿಡಿದಾಗ ಮೊದಲು ನೋಡಬೇಕಾದ್ದು ಹಿಂದೆ

ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರೆ ಬಹಳಷ್ಟು ಸವಾರರು ಇದ್ದಲ್ಲೇ ಗಕ್ಕನೆ ಬ್ರೇಕ್ ಹಾಕುತ್ತಾರೆ. ಇನ್ನು ಕೆಲವರು ಗಾಡಿ ತಿರುಗಿಸಿ ಒನ್‌ವೇಯಲ್ಲಿ ಎದುರಾಗಿ ಓಡುತ್ತಾರೆ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ದಂಡ. ಆ ಐನೂರು ಉಳಿಸಲು ಎದುರಿಂದ ಬರುವ ಟಿಪ್ಪರ್‌ಗೆ ಅಡ್ಡ ಹೋಗುವವರನ್ನು ಬೆಂಗಳೂರಿನ ಯಾವ ರಸ್ತೆಯಲ್ಲಾದರೂ ನೋಡಬಹುದು. ಪೊಲೀಸರ ಜೊತೆಗಿನ ಮಾತುಕತೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಜೀವಕ್ಕೆ ಅಪಾಯ ಇರುವುದು ಅದಕ್ಕೂ ಮೊದಲಿನ ಐದು ಸೆಕೆಂಡಿನಲ್ಲಿ.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕೈ ಕಂಡು, ಮನಸ್ಸಿಗೆ ಹೊಳೆದು, ಬೆರಳು ಬ್ರೇಕ್ ಲಿವರ್ ಮುಟ್ಟುವಷ್ಟರಲ್ಲಿ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಅಲ್ಲಿಂದ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು ಹತ್ತು ಮೀಟರ್ ಬೇಕು. 60ರಲ್ಲಿದ್ದರೆ ಒಟ್ಟು ಸುಮಾರು 40 ಮೀಟರ್. ಮಳೆಯಲ್ಲಿ, ಜಲ್ಲಿಪುಡಿ ಬಿದ್ದ ಕಡೆ ಇನ್ನೂ ಹೆಚ್ಚು. ನಿಮ್ಮ ಹಿಂದಿನವರಿಗೂ ಇದೇ ಲೆಕ್ಕ. ಅವರ ಕಣ್ಣಿಗೆ ಪೊಲೀಸರು ಬಿದ್ದಿರುವುದಿಲ್ಲ, ನಿಮ್ಮ ಬ್ರೇಕ್ ಲೈಟ್ ಮಾತ್ರ ಕಾಣುತ್ತದೆ.

ಆದ್ದರಿಂದ ಮೊದಲು ಆಕ್ಸಿಲರೇಟರ್ ಬಿಡಿ. ಎಡಗಡೆಯ ಕನ್ನಡಿ ನೋಡಿ, ಒಮ್ಮೆ ಎಡ ಹೆಗಲ ಮೇಲಿಂದಲೂ ಕಣ್ಣು ಹಾಯಿಸಿ. ಎಡದಿಂದ ನುಸುಳುವ ಸ್ಕೂಟರ್ ಎಷ್ಟೋ ಸಲ ಕನ್ನಡಿಯಲ್ಲಿ ಸಿಗುವುದೇ ಇಲ್ಲ. ಎಡ ಇಂಡಿಕೇಟರ್ ಹಾಕಿ, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ರಸ್ತೆ ಬದಿಗೆ ಬನ್ನಿ. ಪೊಲೀಸರನ್ನು ದಾಟಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತರೂ ತಪ್ಪೇನಿಲ್ಲ. ಇಂಡಿಕೇಟರ್ ಹಾಕಿ ಬದಿಗೆ ಸರಿಯುತ್ತಿರುವವರು ಓಡಿಹೋಗುತ್ತಿಲ್ಲ ಎಂಬುದು ಅವರಿಗೂ ಗೊತ್ತಾಗುತ್ತದೆ. ನಿಂತ ಮೇಲೆ ಎಂಜಿನ್ ಆಫ್ ಮಾಡಿ ಕೀಯನ್ನು ಜೇಬಿಗೆ ಹಾಕಿಕೊಳ್ಳಿ. ಕಾರಾದರೆ ಬದಿಯಲ್ಲಿ ನಿಂತ ಬಳಿಕವೇ ಹಜಾರ್ಡ್ ಲೈಟ್. ರಾತ್ರಿಯಾದರೆ ಒಳಗಿನ ದೀಪವನ್ನೂ ಹಾಕಿ.

ತಡೆಯುವ ರೀತಿಯ ಬಗ್ಗೆ ಪೊಲೀಸರಿಗೂ ಕಟ್ಟುಪಾಡುಗಳಿವೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಪಾಸಣೆಗೆ ಬೈಕ್ ತಡೆದ ವೇಳೆ ಮಗು ರಸ್ತೆಗೆ ಬಿದ್ದು ತೀರಿಕೊಂಡಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಹೊರಡಿಸಿದ ಸೂಚನೆ ಸ್ಪಷ್ಟವಾಗಿದೆ: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ತಡೆಯಬಾರದು, ಓಡುವ ಗಾಡಿಗೆ ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದು ಎಳೆಯಬಾರದು. ಇದನ್ನು ತಿಳಿದಿರಿ, ಆದರೆ ರಸ್ತೆ ಮಧ್ಯೆ ನಿಂತು ವಾದಕ್ಕೆ ಇಳಿಯಬೇಡಿ. ಬದಿಗೆ ಬಂದು ಹೇಳಿದರೆ ಅದೇ ಮಾತಿಗೆ ಹೆಚ್ಚು ಬೆಲೆ. ಬೆಂಗಳೂರಿನಲ್ಲಿ ಕರ್ತವ್ಯದಲ್ಲಿರುವ ಸಂಚಾರ ಪೊಲೀಸರ ಮೈಮೇಲೆ ಬಾಡಿ ಕ್ಯಾಮೆರಾ ಇರುತ್ತದೆ. ಅವರ ಮಾತಿನ ಜೊತೆ ನಿಮ್ಮ ಮಾತೂ ಅದರಲ್ಲಿ ದಾಖಲಾಗುತ್ತದೆ.

ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಇರುವುದು ಎಎಸ್‌ಐ ಮತ್ತು ಅವರಿಗಿಂತ ಮೇಲಿನ ಅಧಿಕಾರಿಗಳಿಗೆ. ಹೆಗಲ ಪಟ್ಟಿ ನೋಡಿ: ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು. ಕೈಯಲ್ಲಿರುವ ಯಂತ್ರದಿಂದ ರಸೀದಿ ಬರುತ್ತದೆ. ಜೇಬಿಗೆ ತುರುಕುವ ಮೊದಲು ಅದರಲ್ಲಿ ಗಾಡಿ ನಂಬರ್, ಉಲ್ಲಂಘನೆ ಏನೆಂಬುದು, ಸ್ಥಳ, ಸಮಯ, ಮೊತ್ತ ಸರಿಯಿದೆಯೇ ಎಂದು ಅಲ್ಲೇ ಓದಿ. ರಸೀದಿ ಇಲ್ಲದೆ ಕೊಟ್ಟ ದುಡ್ಡು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಗಾಡಿಯ ಮೇಲಿನ ಹಳೇ ಕೇಸ್‌ಗಳು ಹಾಗೆಯೇ ಉಳಿಯುತ್ತವೆ. ತಪ್ಪು ನಿಮ್ಮದಲ್ಲ ಎಂಬುದು ಖಚಿತವಾಗಿದ್ದರೆ ಸ್ಥಳದಲ್ಲೇ ದಂಡ ಕಟ್ಟಲೇಬೇಕೆಂದಿಲ್ಲ, ಕೋರ್ಟ್‌ಗೆ ಹೋಗುತ್ತೇನೆ ಎಂದು ಹೇಳಬಹುದು. ಸಿಗ್ನಲ್ ಕೆಟ್ಟಿತ್ತು, ಬೋರ್ಡ್ ಮರದ ಕೊಂಬೆಯಲ್ಲಿ ಮರೆಯಾಗಿತ್ತು ಎಂಬಂಥ ವಿಷಯವಾದರೆ ಆಗಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಕಾಗದಗಳೆಂದರೆ ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು ಎಂದು 2018ರಲ್ಲೇ ಕೇಂದ್ರದ ನಿಯಮ ತಿದ್ದುಪಡಿಯಾಗಿದೆ. ಫೋನಿನ ಗ್ಯಾಲರಿಯಲ್ಲಿರುವ ಫೋಟೊಗೆ ಈ ಮಾನ್ಯತೆ ಇಲ್ಲ. ಇಲ್ಲಿ ಎಡವಟ್ಟಾಗುವುದು ಸಣ್ಣ ವಿಷಯಕ್ಕೆ: ಆಧಾರ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತಾರೆ, ಆರ್‌ಸಿಯಲ್ಲಿ ಒಂದೇ ಅಕ್ಷರ ಇರುತ್ತದೆ, ಹೆಸರು ತಾಳೆಯಾಗದೆ ಡಿಜಿಲಾಕರ್ ಆರ್‌ಸಿ ಕೊಡುವುದಿಲ್ಲ. ಇದು ಗೊತ್ತಾಗುವುದೇ ಪೊಲೀಸರ ಮುಂದೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ. ಮನೆಯಲ್ಲಿ ಕೂತಾಗಲೇ ನಾಲ್ಕನ್ನೂ ತೆರೆದು ನೋಡಿ. ಹೊಸ ಗಾಡಿಗೆ ಮೊದಲ ವರ್ಷ ಎಮಿಷನ್ ಬೇಡ. ಆಮೇಲೆ ಬಿಎಸ್-4, ಬಿಎಸ್-6 (ಹೊಗೆಯ ಮಿತಿ ಹೇಳುವ ಮಾನದಂಡಗಳು) ಗಾಡಿಗಳಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಇನ್ಶೂರೆನ್ಸ್ ವಿಷಯದಲ್ಲಿ ದಂಡ ಚಿಕ್ಕ ಚಿಂತೆ. ಥರ್ಡ್ ಪಾರ್ಟಿ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ಹೊರೆ ಮಾಲೀಕರ ತಲೆಗೇ ಬರುತ್ತದೆ. ಮನೆ ಮಾರುವ ಸ್ಥಿತಿಯೂ ಬರಬಹುದು.

ಪೊಲೀಸರಿಲ್ಲದ ಜಂಕ್ಷನ್‌ಗಳಲ್ಲಿ ಈಗ ಕ್ಯಾಮೆರಾ ಕೇಸ್ ಹಾಕುತ್ತದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಈ ವ್ಯವಸ್ಥೆ ಶುರುವಾಯಿತು. ನೋಟಿಸ್ ಬಂದರೆ ಫೋಟೊದಲ್ಲಿರುವ ಗಾಡಿ ನಿಮ್ಮದೇ ಹೌದೇ ನೋಡಿ. ಯಾರದೋ ಫ್ಯಾನ್ಸಿ ನಂಬರ್ ಪ್ಲೇಟನ್ನು ಕ್ಯಾಮೆರಾ ತಪ್ಪಾಗಿ ಓದಿದರೆ ಕೇಸ್ ಬೇರೆಯವರ ಮನೆಗೆ ಬರುತ್ತದೆ. ಅಂಥದ್ದಾದರೆ ಗಾಡಿಯ ಫೋಟೊ, ಆರ್‌ಸಿ ಸಮೇತ ಸಂಚಾರ ಪೊಲೀಸರಿಗೆ ದೂರು ಕೊಡಿ. ದಂಡವನ್ನು ಬೆಂಗಳೂರು ಒನ್ ಕೇಂದ್ರ, ಸಂಚಾರ ಠಾಣೆ ಅಥವಾ ಸಂಚಾರ ಪೊಲೀಸರ ವೆಬ್‌ಸೈಟ್‌ನಲ್ಲಿ ಕಟ್ಟಬಹುದು. ವಾಟ್ಸ್ಆ್ಯಪ್‌ನಲ್ಲಿ ಚಲನ್ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಅದು ಕಳ್ಳರದ್ದು. ಒತ್ತಿದರೆ ಬ್ಯಾಂಕ್ ಖಾತೆಗೇ ಕನ್ನ. 2023ರಲ್ಲೂ 2025ರಲ್ಲೂ ಸರ್ಕಾರ ಹಳೇ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಿತ್ತು, ಅದನ್ನು ನೆಚ್ಚಿಕೊಂಡು ಕಾಯುವವರೂ ಇದ್ದಾರೆ. ಇದು ನಿಯಮ ಪಾಲಿಸಿದವರಿಗೆ ಮಾಡಿದ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ರಸ್ತೆ ಹಂಚಿಕೊಳ್ಳುವ ಮಾತು. ಸಿಗ್ನಲ್ ಹಸಿರಿದ್ದರೂ ಪೊಲೀಸರು ಬಲಗೈ ಎತ್ತಿ ಅಂಗೈ ತೋರಿಸಿದರೆ ನಿಲ್ಲಬೇಕು. ದೀಪಕ್ಕಿಂತ ಅವರ ಕೈಯೇ ಮೇಲು. ಬಿಎಂಟಿಸಿ ಬಸ್ಸಿನ ಎಡಗಡೆ ನುಗ್ಗಬೇಡಿ: ಸ್ಟಾಪ್ ಕಂಡರೆ ಬಸ್ಸು ಎಡಕ್ಕೆ ಬರುತ್ತದೆ, ನಿಂತರೆ ಜನ ಇಳಿಯುತ್ತಾರೆ, ಮುಂಬಾಗಿಲ ಪಕ್ಕದಲ್ಲಿರುವ ಸ್ಕೂಟರ್ ಡ್ರೈವರ್‌ಗೆ ಕಾಣುವುದೂ ಇಲ್ಲ. ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣುತ್ತಿಲ್ಲವೆಂದರೆ ನೀವೂ ಅವರಿಗೆ ಕಾಣುತ್ತಿಲ್ಲ. ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಿ; ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುವ ಬೈಕ್ ಕಣ್ಣಿಗೆ ಬೀಳುತ್ತದೆ. ಜೀಬ್ರಾ ಪಟ್ಟೆಗೆ ಮುಂಚಿನ ಬಿಳಿ ಗೆರೆಯ ಹಿಂದೆಯೇ ನಿಲ್ಲಿ. ಒಂದು ಗಾಡಿ ಪಟ್ಟೆಯ ಮೇಲೆ ನಿಂತರೂ ಅಜ್ಜಿಯೊಬ್ಬರು ಅದನ್ನು ಬಳಸಿ ಜಂಕ್ಷನ್ ನಡುವೆ ಇಳಿಯಬೇಕಾಗುತ್ತದೆ. ಚಾರ್ಮಾಡಿಯಂಥ ಘಾಟಿಗಳಲ್ಲಿ ಇಕ್ಕಟ್ಟಾದ ಕಡೆ ಏರುವ ಗಾಡಿಗೆ ಮೊದಲು ದಾರಿ, ಇಳಿಯುವವರು ಕಾಯಬೇಕು.

ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕರೊಳಗಿನ ಮಕ್ಕಳನ್ನು ಸವಾರರ ಮೈಗೆ ಬಿಗಿಯುವ ಸುರಕ್ಷಾ ಬೆಲ್ಟ್ ಹಾಕಿಯೇ ಕರೆದೊಯ್ಯಬೇಕು, ಒಂಬತ್ತು ತಿಂಗಳು ತುಂಬಿದ್ದರೆ ಅವರ ಅಳತೆಯ ಹೆಲ್ಮೆಟ್ ಕೂಡ, ವೇಗ 40 ಮೀರಬಾರದು. 2023ರ ಫೆಬ್ರವರಿಯಿಂದ ಇದು ನಿಯಮ, ಪಾಲಿಸುವವರು ಮಾತ್ರ ತೀರಾ ಕಡಿಮೆ.

ಅಪಘಾತ ಕಂಡರೆ 112ಕ್ಕೆ ಕರೆ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಅವರ ಮೇಲೆ ಕೇಸ್ ಹಾಕುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕೇಳಿದರೆ ಈ ಯೋಜನೆಯ ಬಗ್ಗೆ ವಿಚಾರಿಸಿ.