ಸೂಜಿಗಲ್ಲಿನ ಪಾಠ: ನಾಲ್ಕನೇ ಶನಿವಾರ

ಕಳೆದ ವಾರ ನಮ್ಮ ಸೂಜಿಗಲ್ಲು, ಅಂದರೆ ತಾನಾಗಿಯೇ ಆಯಸ್ಕಾಂತವಾಗಿರುವ ಕಲ್ಲು, ಕರಟದಲ್ಲಿ ಕೂತು ಟಬ್ಬಿನ ನೀರಲ್ಲಿ ತೇಲಿತ್ತು, ಆದರೆ ಉತ್ತರಕ್ಕೆ ತಿರುಗಿರಲಿಲ್ಲ. ಕಾರಣ ಇವತ್ತು ಸಿಕ್ಕಿತು. ನಾವು ಟಬ್ ಇಟ್ಟಿದ್ದ ಮೇಜಿನ ಚೌಕಟ್ಟು ಕಬ್ಬಿಣದ್ದು! ಟಬ್ಬನ್ನು ಜಗಲಿಗೆ ತಂದು ನೆಲದ ಮೇಲಿಟ್ಟೆವು. ಅರ್ಧ ತೆಂಗಿನ ಕರಟದಲ್ಲಿ ಕಲ್ಲು ಕೂರಿಸಿ ನೀರಿಗೆ ಬಿಟ್ಟೆ. ಕರಟ ನಿಧಾನಕ್ಕೆ ತಿರುಗಿ, ಸ್ವಲ್ಪ ಓಲಾಡಿ, ನಿಂತಿತು. ಬೇರೆ ಕಡೆ ತಿರುಗಿಸಿ ಬಿಟ್ಟರೂ ಮತ್ತೆ ಅದೇ ದಿಕ್ಕು. ಏಳನೇ ತರಗತಿಯ ಆರೂ ಮಕ್ಕಳು ಒಬ್ಬೊಬ್ಬರಾಗಿ ತಿರುಗಿಸಿ ನೋಡಿದ ಮೇಲೇ ಸಮಾಧಾನ.

1269ರಲ್ಲಿ ಫ್ರಾನ್ಸಿನ ವಿದ್ವಾಂಸ ಪೀಟರ್ ಪೆರೆಗ್ರಿನಸ್ ಇಟಲಿಯ ಲುಚೇರಾದ ಮುತ್ತಿಗೆಯ ಪಾಳೆಯದಿಂದ ಬರೆದ ಪತ್ರದಲ್ಲಿ ಇದೇ ಪ್ರಯೋಗ ಇದೆ. ಅವನದು ಮರದ ಬಟ್ಟಲು, ಅಷ್ಟೇ ವ್ಯತ್ಯಾಸ. ಕಲ್ಲಿನ ಧ್ರುವ, ಅಂದರೆ ಸೆಳೆತ ಹೆಚ್ಚಿರುವ ಜಾಗ, ಹುಡುಕುವ ದಾರಿಯನ್ನೂ ಅವನಿಂದಲೇ ತೆಗೆದುಕೊಂಡೆ. ಸೂಜಿಯ ಚಿಕ್ಕ ತುಂಡನ್ನು ಕಲ್ಲಿನ ಮೇಲಿಟ್ಟು, ಅದು ಮಲಗಿದ ನೇರಕ್ಕೆ ಸೀಮೆಸುಣ್ಣದ ಗೆರೆ. ಆಮೇಲೆ ತುಂಡನ್ನು ಸರಿಸಿ ಇನ್ನೊಂದು ಗೆರೆ. ಗೆರೆಗಳು ಒಂದು ಮೂಲೆಯತ್ತ ಕೂಡುತ್ತಾ ಹೋದವು. ಅಲ್ಲಿಗೆ ಬಂದಾಗ ತುಂಡು ಎದ್ದು ನೆಟ್ಟಗೆ ನಿಂತುಬಿಟ್ಟಿತು. "ಇಲ್ಲೇ ಸರ್, ಇಲ್ಲೇ!" ಅಂತ ಹುಡುಗಿಯೊಬ್ಬಳು ಕೂಗಿದಳು.

ನನಗೆ ಬೇಕಿದ್ದದ್ದು ಇದೇ. ಪಟ್ಟಿಯಂಥ ದಂಡಕಾಂತದ ಮೇಲೆ ಉತ್ತರ, ದಕ್ಷಿಣ ಧ್ರುವಗಳಿಗೆ ಎನ್, ಎಸ್ ಅಂತ ಮೊದಲೇ ಬರೆದಿರುತ್ತದೆ. ಮಕ್ಕಳು ಹುಡುಕುವುದಕ್ಕೆ ಏನು ಉಳಿಯಿತು? ಈ ಕಲ್ಲು ಸುಮ್ನೆ ಕಪ್ಪಗಿದೆ, ಏನನ್ನೂ ಹೇಳಿಕೊಡುವುದಿಲ್ಲ. ನಮ್ಮದರಲ್ಲಿ ಎರಡು ಧ್ರುವಗಳಲ್ಲದೆ ಮೂರನೇ ಒಂದು ಕಡೆಯೂ ಗೆರೆಗಳು ಗುಂಪುಗೂಡಿವೆ. ಒರಟು ಕಲ್ಲಿನಲ್ಲಿ ಹಾಗಾಗುವುದುಂಟು. ಅದನ್ನು ಅಳಿಸಲು ಬಿಡಲಿಲ್ಲ.

ಕುದುರೆಮುಖದ ಗಣಿಯಲ್ಲಿದ್ದ ನೆಂಟರೊಬ್ಬರು ಕೊಟ್ಟ ಅದಿರಿನ ತುಂಡನ್ನೂ ಪಕ್ಕದಲ್ಲಿಟ್ಟಿದ್ದೆ. ಅದೂ ಸೂಜಿಗಲ್ಲಿನ ಹಾಗೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರೇ. ಆಯಸ್ಕಾಂತ ಅದನ್ನು ಎಳೆಯುತ್ತದೆ, ಆದರೆ ಅದು ಒಂದು ಗುಂಡುಪಿನ್ನನ್ನೂ ಎಳೆಯುವುದಿಲ್ಲ. ಒಂದೇ ಜಾತಿಯ ಕಲ್ಲು, ಹೀಗ್ಯಾಕೆ? ಸಿಡಿಲು ಬಡಿದಾಗ ಹರಿಯುವ ಭಾರಿ ವಿದ್ಯುತ್ತಿನಿಂದ ಕೆಲವು ಕಲ್ಲುಗಳು ಕಾಂತವಾಗಿರಬಹುದು ಎನ್ನುತ್ತಾರೆ ವಿಜ್ಞಾನಿಗಳು. ಇದನ್ನು ಕೇಳಿ ಮಕ್ಕಳು ಒಂದು ನಿಮಿಷ ಮಾತೇ ಆಡಲಿಲ್ಲ.

ಮುಂದಿನ ಶನಿವಾರ ಎಲ್ಲರೂ ಮನೆಯಿಂದ ಹೊಲಿಗೆ ಸೂಜಿ ತರಬೇಕು. ಗುರುತು ಮಾಡಿದ ಜಾಗಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಎಲೆಯ ಮೇಲೆ ತೇಲಿಬಿಡುತ್ತೇವೆ. ಕಲ್ಲಿಗೆ ಸೂಜಿಗಲ್ಲು ಅಂತ ಯಾಕೆ ಹೆಸರು ಬಂತು ಅಂತ ಆಗ ಕೇಳುತ್ತೇನೆ.