ಆರ್‌ಪಿಎಂ ಮುಳ್ಳು ಅಲ್ಲಾಡ್ತದಾ?

ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹತ್ತುವಾಗ, ಕೆದಕಲ್ ಹತ್ತಿರ ಕಾರು ಮತ್ತೆ ನಿಂತಿತು. ಜರ್ಕ್ ಇಲ್ಲ, ಹೊಗೆ ಇಲ್ಲ, ಸ್ವಿಚ್ ಆರಿಸಿದ ಹಾಗೆ ಇಂಜಿನ್ ಆಫ್. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವಂತೆ ಸ್ಟಾರ್ಟ್.

ನಮ್ಮಲ್ಲಿ ಸಲಹೆಗೇನು ಬರಗಾಲ? ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಪೆಟ್ರೋಲಿಗೆ ನೀರು ಸೇರಿದೆ ಅಂದ. ಭಾವ ಬ್ಯಾಟರಿ ಅಂದರು. ಅವರಿಗೆ ಟಯರ್ ಪಂಕ್ಚರ್ ಆದರೂ ಬ್ಯಾಟರಿಯೇ. ಮೈಸೂರಿನ ಸರ್ವೀಸ್ ಸೆಂಟರಿನವರಂತೂ ಫ್ಯೂಯೆಲ್ ಪಂಪನ್ನೇ ಬದಲಿಸಿ ಬಿಲ್ ಕೈಗಿಟ್ಟಿದ್ದರು. ಅಲ್ಲಿ ನನ್ನ ಜೊತೆ ಮಾತಾಡುವವರು ಬೇರೆ, ಕಾರು ಮುಟ್ಟುವವರು ಬೇರೆ.

ಸುಂಟಿಕೊಪ್ಪದ ಮೆಕ್ಯಾನಿಕ್ ಹುಡುಗನಿಗೆ ರಸ್ತೆಯಿಂದಲೇ ಫೋನ್ ಮಾಡಿದೆ.

"ಅಕ್ಕ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡ್ತದಾ?"

ಇಂಜಿನ್ ಎಷ್ಟು ವೇಗ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಅದು. ನೋಡಿದೆ. "ಇಲ್ಲಪ್ಪ, ಸೊನ್ನೆಯಲ್ಲೇ ಇದೆ."

"ಬಿಸಿ ಆದ್ಮೇಲೆ ಮಾತ್ರ ನಿಲ್ಲೋದಾ?"

"ಹೌದು."

"ಕ್ರ್ಯಾಂಕ್ ಸೆನ್ಸರ್ ಇರ್ಬೇಕು. ತಣ್ಣಗಾದ್ಮೇಲೆ ನಿಧಾನ ಇಳಿದು ಬನ್ನಿ."

ಸ್ಕ್ಯಾನರ್ ಹಾಕಿದಾಗ ಪಿ0335 ಅಂತ ಬಂತು, ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಅನ್ನುವ ಕೋಡ್. ಅದನ್ನು ನೋಡಿ ಸೀದಾ ಪಾರ್ಟ್ ತರಿಸಲಿಲ್ಲ ಅವನು. ವೈರು ತುಂಡಾಗಿದ್ದರೂ ಅದೇ ಕೋಡ್ ಬರುತ್ತದಂತೆ. ಸಾಕೆಟ್, ವೈರು ಎಲ್ಲ ನೋಡಿದ. ಆಮೇಲೆ 10ನೇ ನಂಬರಿನ ಒಂದೇ ಬೋಲ್ಟು ಬಿಚ್ಚಿ, ಅಂಟಿಕೊಂಡಿದ್ದ ಸೆನ್ಸರನ್ನು ಅತ್ತಿತ್ತ ತಿರುಗಿಸುತ್ತಾ ಎಳೆದ. ಹೆಬ್ಬೆರಳಿನಷ್ಟು ಕಪ್ಪು ಪ್ಲಾಸ್ಟಿಕ್ಕು. ತುದಿಯ ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿತ್ತು. ಮಲ್ಟಿಮೀಟರ್ ಹಿಡಿದರೆ ತಣ್ಣಗಿದ್ದಾಗ ರೀಡಿಂಗ್ ಸರಿ. ಹಾಟ್ ಗನ್ನಿನಲ್ಲಿ ಬಿಸಿ ಮಾಡಿದ, ರೀಡಿಂಗ್ ಮಾಯ. ಒಳಗಿನ ಕಾಯಿಲ್ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು, ಆರಿದ ಮೇಲೆ ಕೂಡಿಕೊಳ್ಳುತ್ತಿತ್ತು.

ಪಿಸ್ಟನ್‌ಗಳು ತಿರುಗಿಸುವ ದಂಡವೇ ಕ್ರ್ಯಾಂಕ್. ಅದರ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿದೆ, ಹಲ್ಲುಗಳು ದಾಟುವುದನ್ನು ಈ ಸೆನ್ಸರ್ ಗಮನಿಸುತ್ತದೆ. ನನ್ನ ಕಾರಿನದ್ದರಲ್ಲಿ 60 ಹಲ್ಲಿನ ಜಾಗ, ಅದರಲ್ಲಿ 2 ಬೇಕಂತಲೇ ಖಾಲಿ. ಆ ಖಾಲಿ ಜಾಗ ದಾಟಿದಾಗೆಲ್ಲ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆ ಲೆಕ್ಕ ತಪ್ಪಿದರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಮುಳ್ಳು ಏಳದೆ ಇದ್ದದ್ದೂ ಅದಕ್ಕೇ, ಮುಳ್ಳಿಗೆ ಸುದ್ದಿ ಹೋಗುವುದೂ ಇದೇ ಸೆನ್ಸರಿನಿಂದ.

ಮಾರನೇ ದಿನ ಮೈಸೂರಿಂದ ಬಸ್ಸಲ್ಲಿ ಪಾರ್ಟ್ ಬಂತು. ರಬ್ಬರ್ ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೂರಿಸಿದ. ಕೂಲಿ ಕೇಳಿದ್ದು 300 ರೂಪಾಯಿ. ಜಾಸ್ತಿ ಕೊಡಲು ಹೋದರೆ ಮುಖ ಗಂಟಿಕ್ಕಿದ, ಸ್ವಲ್ಪ ಸಿಡುಕ.

ಕಾರು ಸರಿಹೋಯಿತು. ಆದರೆ ಮುಳ್ಳು ಅಲ್ಲಾಡ್ತದಾ ಅನ್ನುವ ಆ ಪ್ರಶ್ನೆ ಈ ವಾರವೆಲ್ಲ ತಲೆಯಲ್ಲಿ ಕೂತಿದೆ. ಉಳಿದವರೆಲ್ಲ ಉತ್ತರ ಕೈಯಲ್ಲೇ ಹಿಡಿದುಕೊಂಡು ಬಂದವರು, ಅಲ್ವಾ? ಅಮ್ಮನ ತಲೆಸುತ್ತಿನ ಕಥೆಯೂ ಇದೇ. ಬಿಪಿ ಅನ್ನುವವರೊಬ್ಬರು, ಪಿತ್ತ ಅನ್ನುವವರೊಬ್ಬರು, ಭಾವನದ್ದು ಬೇರೆಯೇ ಕಷಾಯ. ನಿನ್ನೆ ರಾತ್ರಿ ಸುಮ್ನೆ ಕೇಳಿದೆ, "ಅಮ್ಮ, ಯಾವಾಗ ಸುತ್ತೋದು?"

"ಮಲಗಿದ್ದವಳು ಏಳುವಾಗ ಮಾತ್ರ ಕಣೇ. ನಡೆಯುವಾಗ ಏನೂ ಇಲ್ಲ."

ಸೋಮವಾರ ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಬೇಕು. ಭಾವನೂ ಬರುತ್ತೇನೆ ಅಂದಿದ್ದಾರೆ. ಅವರು ಬಾಯಿ ತೆರೆಯುವ ಮೊದಲೇ ನಾನು ಇದನ್ನು ಹೇಳಿಬಿಡಬೇಕು.